ಕತ್ತಿಯ ಹದ, ಕೆಲಸಗಾರನ ಹದ

(ಕರಿಕೆಯಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ(ಸ)ರ ಮೇಲೆ ಸಲಾತ್, ಸಲಾಮ್ ಇರಲಿ.

ಪೀಚೆಕತ್ತಿ, ಒಡಿಕತ್ತಿಗಳ ನಾಡು ನಮ್ಮದು. ತೋಟದ ಕಾಡು ಕಡಿಯಲು, ಸೌದೆ ಸೀಳಲು, ಮೀನು ಕೊಯ್ಯಲು ಕತ್ತಿ ಬೇಕೇ ಬೇಕು. ಆದರೆ ಮಗನೊಬ್ಬ ಕುಲುಮೆಯ ಕೆಲಸ ಕಲಿಯುತ್ತೇನೆ ಎಂದರೆ ನಮ್ಮಲ್ಲಿ ಎಷ್ಟು ಮಂದಿ ಸಂತೋಷಪಡುತ್ತೇವೆ?

ಅಲ್ಲಾಹನು ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನೆಂದು ಖುರ್‌ಆನ್ ತಿಳಿಸುತ್ತದೆ (34:10-11). ಯುದ್ಧಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂಬ ಆಜ್ಞೆಯ ಜೊತೆಯಲ್ಲೇ ಸತ್ಕರ್ಮದ ಆಜ್ಞೆಯೂ ಇದೆ. ಅಳತೆ ತಪ್ಪದ ಕೆಲಸ ಬೇರೆ, ದೀನ್ ಬೇರೆ ಅಲ್ಲ. ದಾವೂದ್(ಅ)ರು ಸ್ವಂತ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ಬುಖಾರಿಯ ಹದೀಸಿನಲ್ಲಿದೆ. ಸಹಾಬಿ ಖಬ್ಬಾಬ್(ರ)ರು ಮಕ್ಕಾದಲ್ಲಿ ಕಮ್ಮಾರರಾಗಿದ್ದರು.

ಕತ್ತಿ ಮಾಡುವುದನ್ನು ಗಮನಿಸಿ. ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟನ್ನು ಕಾಯಿಸಿ, ಬಡಿದು, ಆಕಾರಕ್ಕೆ ತರುತ್ತಾರೆ. ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ. ಆದರೆ ಅಷ್ಟಕ್ಕೇ ಬಿಟ್ಟರೆ ಪೆಟ್ಟಿಗೆ ಮುರಿಯುತ್ತದೆ. ಆದ್ದರಿಂದ ಹುಲ್ಲಿನ ಹಳದಿ ಬಣ್ಣ ಬರುವವರೆಗೆ ಮತ್ತೆ ಹದವಾಗಿ ಕಾಯಿಸಬೇಕು. ಕಾವು ಹೆಚ್ಚಾದರೆ ಬಾಯಿ ನಿಲ್ಲದು. ಈ ಬಣ್ಣವನ್ನು ಕಣ್ಣು ಗುರುತಿಸಲು ಎಷ್ಟೋ ಕತ್ತಿಗಳು ಕೆಡಬೇಕು. ಕೆಟ್ಟ ಕತ್ತಿಯನ್ನು ಎಸೆಯದೆ, ಏಕೆ ಕೆಟ್ಟಿತೆಂದು ನೋಡುವವನೇ ಬೆಳೆಯುತ್ತಾನೆ.

ನಿಜವಾದ ಪರೀಕ್ಷೆ ಇನ್ನು ಮುಂದಿದೆ. ಎಣ್ಣೆಗೆ ಅದ್ದಿದಾಗ ಕೆಲವೊಮ್ಮೆ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಸಾಣೆ ಹಿಡಿದು ಹೊಳಪು ಕೊಟ್ಟರೆ ಗಿರಾಕಿಗೆ ಕಾಣದು. ಎರಡು ದಿನದ ದುಡಿಮೆ, ಮನೆಯಲ್ಲಿ ಖರ್ಚು, ಮಾರಿಬಿಡೋಣ ಎನಿಸುತ್ತದೆ. ಆದರೆ ಮಳೆಯಲ್ಲಿ ಇಳಿಜಾರಿನ ತೋಟದಲ್ಲಿ ನಿಂತು ಅದನ್ನು ಬೀಸುವವನು ಒಬ್ಬ ತಂದೆ. ತುಂಡು ಹಾರಿದರೆ ಹೋಗುವುದು ಅವನ ಕಣ್ಣು. ಒದ್ದೆ ಧಾನ್ಯವನ್ನು ರಾಶಿಯೊಳಗೆ ಅಡಗಿಸಿದ ವ್ಯಾಪಾರಿಯನ್ನು ಪ್ರವಾದಿ(ಸ)ರು ಎಚ್ಚರಿಸಿದ್ದು, ವಂಚಿಸುವವನು ತಮ್ಮವನಲ್ಲ ಎಂದದ್ದು ನೆನಪಿರಲಿ. ಆ ಬಿರುಕು ಗಿರಾಕಿಗೆ ಕಾಣದಿದ್ದರೂ ಅಲ್ಲಾಹನಿಗೆ ಕಾಣುತ್ತದೆ. ಅದನ್ನು ಮತ್ತೆ ಬೆಂಕಿಗೆ ಹಾಕಿದ ದಿನವೇ ಅವನು ಉಸ್ತಾದನಾಗುತ್ತಾನೆ.

ಪ್ರತಿಯೊಂದರಲ್ಲೂ ಇಹ್ಸಾನ್ ಇರಬೇಕೆಂದ ಪ್ರವಾದಿ(ಸ)ರು, ಝಬಹ್ ಮಾಡುವಾಗ ಪ್ರಾಣಿಗೆ ನೋವಾಗದಂತೆ ಕತ್ತಿಯನ್ನು ಹರಿತಗೊಳಿಸಲು ಹೇಳಿದರು. ಕತ್ತಿಯ ಬಾಯಿಯಲ್ಲೂ ಕರುಣೆಯಿದೆ!

ಆದ್ದರಿಂದ ತಂದೆಯರೇ, ಮಸಿ ಹಿಡಿದ ಕೈಯನ್ನು ಹೀಗಳೆಯಬೇಡಿ. ಕೊಳ್ಳುವವರೇ, ಒಳ್ಳೆಯ ಕೆಲಸಕ್ಕೆ ಚೌಕಾಶಿ ಮಾಡಬೇಡಿ. ಯುವಕರೇ, ಯಾವ ಕಸುಬೇ ಇರಲಿ, ಬಿರುಕನ್ನು ಮುಚ್ಚಬೇಡಿ.

ಅಲ್ಲಾಹನು ನಮ್ಮ ಕೈಗಳಿಗೆ ಕೌಶಲವನ್ನೂ ದುಡಿಮೆಗೆ ಬರ್ಕತನ್ನೂ ಕರುಣಿಸಲಿ. ಆಮೀನ್.