ಫ್ರಿಜ್ ಕೆಟ್ಟಿತೆಂದು ಸಾಲ ಕೇಳುವ ಮೊದಲು

(ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯೆಯರ ಮಾಹಿತಿ ಸಭೆಯಲ್ಲಿ ನೀಡಿದ ಮಾತುಕತೆಯ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ ಇವುಗಳ ಬಗ್ಗೆ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತು ನಮ್ಮ ಅಡುಗೆಮನೆಯ ಮೂಲೆಯಲ್ಲಿ ನಿಂತಿರುವ ಫ್ರಿಜ್ಜಿನ ಬಗ್ಗೆ ಮಾತಾಡೋಣ. "ಸಿಸ್ಟರ್, ಫ್ರಿಜ್ಜಿಗೂ ಸಂಘಕ್ಕೂ ಏನು ಸಂಬಂಧ?" ಅಂತ ನೀವು ಕೇಳಬಹುದು. ಸಂಬಂಧ ಇದೆ. ನಿಮ್ಮಲ್ಲಿ ಎಷ್ಟೋ ಜನರ ಮನೆಗೆ ಫ್ರಿಜ್ ಬಂದದ್ದೇ ಸಂಘದ ಸಾಲದಿಂದ. ಅದರ ಕಂತು ತೀರುವ ಮೊದಲೇ ರಿಪೇರಿಗೆಂದು ಇನ್ನೊಂದು ಅರ್ಜಿ ಬರುತ್ತದೆ. ಕಾರಣ ಕೇಳಿದರೆ, "ಗ್ಯಾಸ್ ಖಾಲಿಯಾಗಿದೆಯಂತೆ ಸಿಸ್ಟರ್" ಅಂತಾರೆ.

ನನ್ನ ಮಾತು ಇಷ್ಟೇ: ಫ್ರಿಜ್ ತಂಪಾಗದಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥವಲ್ಲ. ಮೊದಲು ನಾವೇ ನೋಡಬೇಕಾದದ್ದು ಕೆಲವು ಇವೆ. ನಾವು ಕೈ ಹಾಕಲೇಬಾರದ್ದೂ ಕೆಲವು ಇವೆ. ಈ ಎರಡನ್ನೂ ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಜೀವಕ್ಕೂ ಅಪಾಯವಿಲ್ಲ.

ಫ್ರಿಜ್ ಮಾಡುವ ಕೆಲಸ

ಮೈಮೇಲಿನ ಬೆವರು ಗಾಳಿಗೆ ಆರುವಾಗ ತಂಪು ಅನ್ನಿಸುತ್ತದಲ್ಲ? ದ್ರವ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಫ್ರಿಜ್ಜಿನಲ್ಲೂ ಇದೇ ಆಗುವುದು. ಒಳಗಿನ ಕೊಳವೆಯಲ್ಲಿ ಗ್ಯಾಸ್ ಆವಿಯಾಗುತ್ತಾ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಿಂಬದಿಯ ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಕೊಳವೆಗೆ ತಳ್ಳುತ್ತದೆ. ಅಲ್ಲಿ ಬಿಸಿ ಹೊರಗೆ ಹೋಗಿ ಗ್ಯಾಸ್ ಮತ್ತೆ ದ್ರವವಾಗುತ್ತದೆ. ಹೀಗೆ ಅದು ಸುತ್ತುತ್ತಲೇ ಇರುತ್ತದೆ. ಹೊಸ ಫ್ರಿಜ್ಜುಗಳಲ್ಲಿ ಈ ಹೊರಗಿನ ಕೊಳವೆ ಪಕ್ಕದ ತಗಡಿನೊಳಗೇ ಇರುತ್ತದೆ. ಆದ್ದರಿಂದ ಪಕ್ಕ ಮುಟ್ಟಿದಾಗ ಬೆಚ್ಚಗಿದ್ದರೆ ಹೆದರಬೇಡಿ.

ಇದರಿಂದ ಎರಡು ವಿಷಯ ತಿಳಿಯಿತು. ಒಂದು, ಬಿಸಿ ಹೊರಗೆ ಹೋಗಲು ದಾರಿ ಬೇಕು. ಎರಡು, ಗ್ಯಾಸ್ ಮುಚ್ಚಿದ ಕೊಳವೆಯೊಳಗೇ ಸುತ್ತುತ್ತದೆ. ಅದು ಒಲೆಯ ಗ್ಯಾಸಿನ ಹಾಗೆ ಉರಿದು ಮುಗಿಯುವಂಥದ್ದಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು

1. ಒಳಗಿನ ಲೈಟು ಉರಿಯುತ್ತದೆಯೇ ನೋಡಿ. ಉರಿಯದಿದ್ದರೆ ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆಗದಿದ್ದರೆ ತೊಂದರೆ ಸಾಕೆಟ್ಟಿನಲ್ಲಿದೆ. ಆಗ ಬೇಕಾದದ್ದು ವೈರಿಂಗ್‌ನವರು, ಫ್ರಿಜ್ ಮೆಕ್ಯಾನಿಕ್ ಅಲ್ಲ.

2. ರೆಗ್ಯುಲೇಟರ್ ಗುಂಡಿ ಎಷ್ಟರಲ್ಲಿದೆ? ಸಾಮಾನ್ಯವಾಗಿ ಸಂಖ್ಯೆ ದೊಡ್ಡದಾದಷ್ಟೂ ತಂಪು ಹೆಚ್ಚು. ಒರೆಸುವಾಗ ಅಥವಾ ಮಕ್ಕಳ ಕೈತಾಗಿ ಗುಂಡಿ ತಿರುಗಿರಬಹುದು. ಕೆಳಗಿನ ಭಾಗದಲ್ಲಿ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕಡಿಮೆ ಇದ್ದರೆ ಆಹಾರಕ್ಕೆ ಸುರಕ್ಷಿತ.

3. ಬಾಗಿಲಿನ ರಬ್ಬರ್ ಪರೀಕ್ಷಿಸಿ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಮೆಲ್ಲಗೆ ಎಳೆಯಿರಿ. ಸ್ವಲ್ಪ ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ತಂಪು ಸೋರುತ್ತಿದೆ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ. ಎಷ್ಟೋ ಸಲ ಜಿಡ್ಡು, ಸಕ್ಕರೆ ಅಂಟಿ ರಬ್ಬರ್ ಕೂರುವುದಿಲ್ಲ. ಉಗುರುಬೆಚ್ಚಗಿನ ಸೋಪು ನೀರಲ್ಲಿ ಒರೆಸಿದರೆ ಸರಿಹೋಗಬಹುದು. ಹರಿದಿದ್ದರೆ ರಬ್ಬರ್ ಮಾತ್ರ ಬದಲಾಯಿಸಬಹುದು.

4. ಫ್ರಿಜ್ಜಿಗೆ ಉಸಿರಾಡಲು ಜಾಗ ಇದೆಯೇ? ಗೋಡೆಯಿಂದ ನಾಲ್ಕರಿಂದ ಆರು ಇಂಚು ದೂರವಿರಲಿ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಎದುರು ಬೇಡ. ಹಿಂದೆ ಕರಿ ಜಾಲರಿ ಇದ್ದರೆ ಅದರ ಮೇಲಿನ ಧೂಳು, ಜೇಡರಬಲೆ ತೆಗೆಯಿರಿ. ಅಲ್ಲಿ ಮಸಿಬಟ್ಟೆ ಒಣಹಾಕಬೇಡಿ.

5. ಒಳಗೆ ತುರುಕಿದ್ದೀರಾ? ತಂಪುಗಾಳಿ ಸುತ್ತಾಡಲು ಜಾಗ ಬೇಕು. ಹಬೆಯಾಡುವ ಸಾರಿನ ಪಾತ್ರೆಯನ್ನು ಹಾಗೇ ಇಟ್ಟರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಹಾಗಂತ ರಾತ್ರಿಯಿಡೀ ಹೊರಗೂ ಬಿಡಬೇಡಿ. ಚಿಕ್ಕ ಪಾತ್ರೆಗಳಿಗೆ ಸುರಿದು ಬೇಗ ಆರಿಸಿ, ಎರಡು ಗಂಟೆಯೊಳಗೆ ಮುಚ್ಚಿ ಒಳಗಿಡಿ.

6. ಫ್ರೀಜರಿನಲ್ಲಿ ಐಸ್ ಕಟ್ಟಿದೆಯೇ? ಕಾಲು ಇಂಚು ದಪ್ಪವಾದ ಕೂಡಲೇ ಕರಗಿಸಿ. ಐಸ್ ಗೋಡೆ ದಪ್ಪವಾದರೆ ಕೆಳಗಿನ ಭಾಗಕ್ಕೆ ತಂಪು ಇಳಿಯುವುದಿಲ್ಲ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು ತಾನಾಗಿ ಕರಗಲು ಬಿಡಿ. ಅವಸರವಿದ್ದರೆ ಬಿಸಿನೀರಿನ ಪಾತ್ರೆಯನ್ನು ಮಣೆಯ ಮೇಲಿಟ್ಟು ಒಳಗಿಡಿ. ಆದರೆ ದಯವಿಟ್ಟು ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಆ ತೆಳುವಾದ ತಗಡಿಗೆ ಹೊಂದಿಕೊಂಡೇ ಗ್ಯಾಸಿನ ಕೊಳವೆ ಇದೆ. ಅಂಟಿದ ಒಂದು ಮೀನಿನ ಕಟ್ಟು ಬಿಡಿಸಲು ಹೋಗಿ ತೂತು ಬಿದ್ದರೆ ಸಾವಿರಾರು ರೂಪಾಯಿಯ ಕೆಲಸ. ನಿಜವಾಗಿ ಗ್ಯಾಸ್ ಹೋಗುವುದು ಹೀಗೆ!

ನೀರು ಸೋರಿದರೆ

ತರಕಾರಿ ಡಬ್ಬದ ಕೆಳಗೆ ನೀರು ನಿಂತರೆ, ಒಳಗಿನ ಹಿಂಬದಿಯ ಗೋಡೆಯ ಕೆಳಗೆ ಚಿಕ್ಕ ತೂತು ಹುಡುಕಿ. ಕರಗಿದ ನೀರು ಹೋಗುವ ದಾರಿ ಅದು. ಅನ್ನದ ಅಗಳು, ಕೊತ್ತಂಬರಿ ಎಲೆ ಸಿಕ್ಕಿ ಕಟ್ಟಿಕೊಂಡಿರುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಬೆಚ್ಚಗಿನ ನೀರು ಬಿಟ್ಟರೆ ಬಿಡುತ್ತದೆ.

ಆ ನೀರು ಅನೇಕ ಫ್ರಿಜ್ಜುಗಳಲ್ಲಿ ಹಿಂದೆ ಕಂಪ್ರೆಸರಿನ ಮೇಲಿನ ಟ್ರೇಗೆ ಬೀಳುತ್ತದೆ. ಅಲ್ಲೊಂದು ಟ್ರೇ ಇದೆ ಅಂತಲೇ ಹಲವರಿಗೆ ಗೊತ್ತಿಲ್ಲ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನಿಮಗೆ ನೆನಪಿರಬಹುದು. ಅಂಗಳದ ತೆಂಗಿನ ಚಿಪ್ಪು ಮಗುಚುವ ನಾವು ಅಡುಗೆಮನೆಯಲ್ಲೇ ಸೊಳ್ಳೆ ಸಾಕಬಾರದು. ವಾರಕ್ಕೊಮ್ಮೆ ಪ್ಲಗ್ ಕಿತ್ತು ಟ್ರೇ ಚೆಲ್ಲಿ, ಉಜ್ಜಿ ತೊಳೆದು ಒಣಗಿಸಿ. ಟ್ರೇ ಕಳಚಲು ಬರದಿದ್ದರೆ ಬಟ್ಟೆಯಲ್ಲಿ ನೀರು ಹೀರಿ ತೆಗೆಯಿರಿ.

ಕರೆಂಟ್ ವಿಷಯ

ಇಲ್ಲಿ ಸ್ವಲ್ಪ ಗಮನ ಕೊಡಿ. ಫ್ರಿಜ್ ಮುಟ್ಟಿದಾಗ ಜುಮ್ ಅಂದರೆ, "ಸ್ವಲ್ಪ ಶಾಕ್ ಹೊಡೀತದೆ, ಚಪ್ಪಲಿ ಹಾಕ್ಕೊಂಡು ಮುಟ್ಟು" ಅಂತ ಮಕ್ಕಳಿಗೆ ಹೇಳುವ ಮನೆಗಳಿವೆ. ಅದು ಸಣ್ಣ ವಿಷಯ ಅಲ್ಲ. ಒದ್ದೆ ನೆಲ, ಬರಿಗಾಲು, ಮಳೆಗಾಲ ಸೇರಿದರೆ ಅದೇ ಜೀವ ತೆಗೆಯಬಹುದು. ಫ್ರಿಜ್ಜನ್ನು ಮುಟ್ಟದೆ ಮೇನ್ ಸ್ವಿಚ್ ಆರಿಸಿ, ನಂತರ ಪ್ಲಗ್ ಕೀಳಿ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವ ತನಕ ಮತ್ತೆ ಹಾಕಬೇಡಿ.

ಫ್ರಿಜ್ಜಿನ ಪ್ಲಗ್ಗಿಗೆ ಮೂರು ಪಿನ್ ಇದೆ. ದಪ್ಪನೆಯ ಪಿನ್ ಅರ್ಥಿಂಗಿಗೆ. ಸಾಕೆಟ್ಟಿಗೆ ಹೊಂದುವುದಿಲ್ಲವೆಂದು ಅದನ್ನು ಕತ್ತರಿಸುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ಬೇಡವೇ ಬೇಡ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಮಿಕ್ಸಿ, ಫ್ರಿಜ್ ಎರಡನ್ನೂ ಸಿಕ್ಕಿಸುವುದೂ ಬೇಡ.

ಫ್ರಿಜ್ ಗುಂಯ್ ಅಂದು, 'ಟಕ್' ಎಂದು ನಿಂತು, ಮತ್ತೆ ಮತ್ತೆ ಹಾಗೇ ಮಾಡಿದರೆ ವೋಲ್ಟೇಜ್ ಕಡಿಮೆ ಇರಬಹುದು, ಇಲ್ಲವೇ ಕಂಪ್ರೆಸರ್ ಶುರುಮಾಡುವ ರಿಲೇ ಹೋಗಿರಬಹುದು. ಕೂಡಲೇ ಆರಿಸಿ. ಹಾಗೇ ಬಿಟ್ಟರೆ ಕಂಪ್ರೆಸರ್ ಸುಡಬಹುದು. ವೋಲ್ಟೇಜ್ ಏರಿಳಿತ ಇರುವ ಊರಲ್ಲಿ ಸ್ಟೆಬಿಲೈಸರ್ ಬಳಸುವುದು ಒಳ್ಳೆಯದು. ಸ್ವಿಚ್ ಆರಿಸಿದ ಮೇಲೆ ಐದು ನಿಮಿಷ ಬಿಟ್ಟೇ ಹಾಕಿ. ಜೋರು ಗುಡುಗು ಸಿಡಿಲು ಶುರುವಾಗುವ ಮೊದಲೇ ಪ್ಲಗ್ ತೆಗೆದಿಡಿ.

ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಮುಚ್ಚಿಯೇ ಇಟ್ಟರೆ ಕೆಳಗಿನ ಭಾಗ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋದರೆ ಮೀನು, ಮಾಂಸ, ಹಾಲು, ಉಳಿದ ಸಾರು ಇವುಗಳನ್ನು ಬರೀ ಮೂಸಿ ನೋಡಿ ನಂಬಬೇಡಿ. ವಾಸನೆ ಬರದೆಯೂ ಆಹಾರ ಕೆಟ್ಟಿರಬಹುದು.

ಇನ್ನೊಂದು ಮುಖ್ಯ ಮಾತು. ಮನೆಯಲ್ಲಿ ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇಡುವವರು ಇದ್ದೀರಿ. ತೆರೆಯದ ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿ ಬೇಕು. ಫ್ರೀಜರಿನಲ್ಲಿ ಇಡಬೇಡಿ, ಬಾಗಿಲಿನಲ್ಲೂ ಬೇಡ; ನಡುವಿನ ತಟ್ಟೆಯಲ್ಲಿ ಡಬ್ಬದೊಳಗಿಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು.

ಬಿಲ್ಲಿನ ಲೆಕ್ಕ

"ರಾತ್ರಿ ಫ್ರಿಜ್ ಆರಿಸಿದರೆ ಕರೆಂಟ್ ಉಳಿಯುತ್ತದೆ" ಅಂತ ಹಲವರು ಮಾಡುತ್ತಾರೆ. ಬೆಳಿಗ್ಗೆ ಅದು ಮತ್ತೆ ಎಲ್ಲವನ್ನೂ ತಂಪು ಮಾಡಬೇಕು. ಉಳಿಯುವುದು ಸ್ವಲ್ಪವೇ, ಕೆಡುವುದು ಊಟ. ಅದರ ಬದಲು ಐಸ್ ಕರಗಿಸಿ, ರಬ್ಬರ್ ಸರಿಯಿಡಿ, ಬಾಗಿಲು ತೆರೆದು ಯೋಚಿಸುತ್ತಾ ನಿಲ್ಲಬೇಡಿ.

ಹೊಸತು ಕೊಳ್ಳುವಾಗ ನಕ್ಷತ್ರದ ಲೇಬಲ್ ನೋಡಿ. ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. 180 ಎಂದಿದ್ದರೆ ತಿಂಗಳಿಗೆ 15 ಯೂನಿಟ್. ರಬ್ಬರ್ ಸೋರುವ, ಧೂಳು ತುಂಬಿದ ಫ್ರಿಜ್ ಇದಕ್ಕಿಂತ ಹೆಚ್ಚು ತಿನ್ನುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲೂ ನಿಮಗೆ ಗೊತ್ತುಮಾಡಿದ ಯೂನಿಟ್ ಮೀರಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಆದ್ದರಿಂದ "ಹೇಗೂ ಉಚಿತ" ಅನ್ನುವ ಹಾಗಿಲ್ಲ.

'ಗ್ಯಾಸ್ ಖಾಲಿ' ಅಂದರೆ ಏನು ಕೇಳಬೇಕು?

ಮೇಲಿನದೆಲ್ಲ ನೋಡಿಯೂ ತಂಪಾಗದಿದ್ದರೆ ಮೆಕ್ಯಾನಿಕ್ ಬೇಕೇ ಬೇಕು. ಪ್ರಾಮಾಣಿಕವಾಗಿ ಕೆಲಸ ಮಾಡುವವರು ಬಹಳ ಜನ ಇದ್ದಾರೆ. ಅವರಿಗೂ ನಮ್ಮ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಧೈರ್ಯವಾಗಿ ಕೇಳಿ:

• ಗ್ಯಾಸ್ ಎಲ್ಲಿ ಸೋರಿದೆ? ಕೊಳವೆ ಮುಚ್ಚಿದ್ದರೆ ಗ್ಯಾಸ್ ಕಡಿಮೆಯಾಗುವುದಿಲ್ಲ. ಸೋರುವ ಜಾಗ ಮುಚ್ಚದೆ ಬರೀ ಗ್ಯಾಸ್ ತುಂಬಿಸಿದರೆ ಕೆಲವೇ ಸಮಯದಲ್ಲಿ ಮತ್ತೆ ಹೋಗುತ್ತದೆ. ಪ್ರತಿ ವರ್ಷ ಗ್ಯಾಸ್ ತುಂಬಿಸುವುದು ಸರ್ವಿಸ್ ಅಲ್ಲ.

• ಯಾವ ಗ್ಯಾಸ್ ಹಾಕುತ್ತೀರಿ? ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ ಯಾವುದು, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಅದನ್ನೇ, ಅಷ್ಟೇ ತೂಕ ಮಾಡಿ ಹಾಕಬೇಕು. ಈಗಿನ ಅನೇಕ ಫ್ರಿಜ್ಜುಗಳಲ್ಲಿರುವ ಆರ್-600ಎ ಅಡುಗೆ ಗ್ಯಾಸಿನಂತೆ ಬೆಂಕಿ ಹಿಡಿಯುವಂಥದ್ದು. ಆ ಕೆಲಸ ನಡೆಯುವಾಗ ಕಿಟಕಿ ತೆರೆದಿಡಿ, ಒಲೆ, ದೀಪ ಆರಿಸಿ, ಮಕ್ಕಳನ್ನು ದೂರವಿಡಿ.

• ತುಂಬಿಸುವ ಮೊದಲು ಪಂಪ್ ಇಟ್ಟು ಕೊಳವೆಯ ಗಾಳಿ, ತೇವ ತೆಗೆಯುತ್ತೀರಾ?

• ಒಟ್ಟು ಎಷ್ಟಾಗುತ್ತದೆ, ಎಷ್ಟು ತಿಂಗಳ ಗ್ಯಾರಂಟಿ? ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಫ್ರಿಜ್ಜಿನ ಬಿಲ್ಲು, ಗ್ಯಾರಂಟಿ ಕಾರ್ಡು ಎರಡನ್ನೂ ಸಂಘದ ಪಾಸ್‌ಪುಸ್ತಕದ ಜೊತೆ ಇಡಿ. ಇಡೀ ಫ್ರಿಜ್ಜಿನ ಗ್ಯಾರಂಟಿ ಮುಗಿದಿದ್ದರೂ ಕಂಪ್ರೆಸರಿಗೆ ಹೆಚ್ಚು ವರ್ಷ ಇರಬಹುದು, ಓದಿಸಿಕೊಂಡು ತಿಳಿಯಿರಿ. ಮೋಸವಾಗಿದೆ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಆದರೆ ಬಿಲ್ಲಿಲ್ಲದೆ ಮಾತಿಗೆ ಬಲ ಬರುವುದಿಲ್ಲ.

ಕೊನೆಯದಾಗಿ, ತೀರಾ ಹಳತಾದ ಫ್ರಿಜ್ಜನ್ನು ಹಿತ್ತಿಲಲ್ಲಿ ಹಾಗೇ ಬಿಡಬೇಡಿ. ಕಣ್ಣಾಮುಚ್ಚಾಲೆ ಆಡುವ ಮಗು ಒಳಗೆ ಹೊಕ್ಕರೆ ಉಸಿರು ಕಟ್ಟುತ್ತದೆ. ಕೊಡುವ ತನಕ ಬಾಗಿಲನ್ನೇ ಕಳಚಿಡಿ.

ಸಂಘದಲ್ಲಿ ಮಾಡಬಹುದಾದದ್ದು

ಸಹೋದರಿಯರೇ, ರಿಪೇರಿ ಸಾಲ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಇಡ್ಲಿ ಹಿಟ್ಟು, ಐಸ್‌ಕ್ಯಾಂಡಿ ಮಾರಿ ಮನೆ ನಡೆಸುವವರಿಗೆ ಫ್ರಿಜ್ ನಿಂತರೆ ಆ ದಿನದ ಸಂಪಾದನೆಯೇ ನಿಂತ ಹಾಗೆ. ಅವರಿಗೆ ಬೇಗ ಸಾಲ ಸಿಗಲಿ. ಆದರೆ ಅರ್ಜಿ ಬಂದ ದಿನ ಇಬ್ಬರು ಸದಸ್ಯೆಯರು ಆ ಮನೆಗೆ ಹೋಗಿ ಮೇಲಿನ ಆರು ಅಂಶ ನೋಡಿ ಬರಲಿ. ಮೆಕ್ಯಾನಿಕ್ ಬರುವಾಗ ಆ ಸದಸ್ಯೆ ಒಬ್ಬಳೇ ಇರದೆ ಇನ್ನೊಬ್ಬರು ಜೊತೆಗಿರಲಿ. ಇಬ್ಬರಿದ್ದರೆ ಪ್ರಶ್ನೆ ಕೇಳಲು ಬಾಯಿ ಬರುತ್ತದೆ. ಒಳ್ಳೆಯ ಕೆಲಸ ಮಾಡಿದವರ ಹೆಸರು, ತೆಗೆದುಕೊಂಡ ಹಣ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮುಂದಿನವರಿಗೆ ಅದೇ ದಾರಿದೀಪ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಎರಡು ವರ್ಷದಲ್ಲಿ ನಮ್ಮ ಸಂಘದಿಂದ ಫ್ರಿಜ್ ರಿಪೇರಿಗೆ ಎಷ್ಟು ಸಾಲ ಹೋಗಿದೆ?
2. ನಮ್ಮಲ್ಲಿ ಯಾರ ಮನೆಯ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ? ಒಟ್ಟಾಗಿ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಬಹುದೇ?
3. ಮುಂದಿನ ಸಭೆಯೊಳಗೆ ಎಲ್ಲರೂ ನೋಟಿನ ಪರೀಕ್ಷೆ ಮಾಡಿ, ಹಿಂಬದಿಯ ಟ್ರೇ ತೊಳೆದು ಬಂದು ಹೇಳುವಿರಾ?