ಗೋಡೆ ಮೇಲೆ ಯಾರು ನಿಲ್ಲಬೇಕು?

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಕಾಂಪೌಂಡ್ ಗೋಡೆಗಳನ್ನ ಓದ್ಕೊಂಡು ಹೋಗಿ. ಟ್ಯೂಷನ್, ಮೂಲವ್ಯಾಧಿಗೆ ಮದ್ದು, ಬಾಡಿಗೆಗೆ ಮನೆ. ಅದರ ಮೇಲೆ ಅಣ್ಣನಿಗೆ ಹುಟ್ಟುಹಬ್ಬದ ಶುಭಾಶಯ. ಅಣ್ಣ ಊರಿಗೆ ಏನು ಮಾಡಿದಾನೆ ಅಂತ ಕೇಳಬೇಡಿ. ಫ್ಲೆಕ್ಸ್‌ಗೆ ದುಡ್ಡು ಕೊಟ್ಟಿದಾನೆ, ಅಷ್ಟೇ.

ಫ್ರಾನ್ಸ್ ದೇಶದಲ್ಲಿ, ಆಲ್ಪ್ಸ್ ಪರ್ವತದ ಬುಡದಲ್ಲಿ ಶಮೊನಿ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ಒಂದು ಕಟ್ಟಡದ ಬೋಳು ಗೋಡೆ ತುಂಬಾ ಕಿಟಕಿ, ಬಾಲ್ಕನಿ. ಬಾಲ್ಕನಿಯಲ್ಲಿ ಜನ ನಿಂತಿದಾರೆ. ಹತ್ತಿರ ಹೋಗಿ ನೋಡಿದರೆ ಕಿಟಕಿಯೂ ಇಲ್ಲ, ಜನವೂ ಇಲ್ಲ, ಎಲ್ಲಾ ಬಣ್ಣ! ಹಾಗೆ ನಿಂತವರು ರಾಜರಲ್ಲ, ಮಂತ್ರಿಗಳಲ್ಲ. ಬೆಟ್ಟ ಹತ್ತಿದವರು, ಹಗ್ಗ ಹಿಡಿದು ಬೇರೆಯವರನ್ನ ಹತ್ತಿಸಿದವರು.

ಆದರೆ ಆ ಊರೂ ಒಂದು ಕಾಲದಲ್ಲಿ ಎಡವಿದೆ. 1786ರ ಆಗಸ್ಟ್ 8ರಂದು 4,800 ಮೀಟರ್‌ಗೂ ಎತ್ತರದ ಮಾಂ ಬ್ಲಾಂ ಶಿಖರವನ್ನ ಮೊದಲ ಸಲ ಹತ್ತಿದವರು ಇಬ್ಬರು. ಒಬ್ಬ ಜಾಕ್ ಬಾಲ್ಮಾ, ಇನ್ನೊಬ್ಬ ಆ ಊರಿನ ಡಾಕ್ಟರ್ ಮಿಶೆಲ್ ಪಕಾರ್. ದಾರಿ ಕಂಡುಹಿಡಿದವರಿಗೆ ಬಹುಮಾನ ಅಂತ ಸೊಸ್ಯೂರ್ ಎಂಬ ವಿಜ್ಞಾನಿ 1760ರಲ್ಲೇ ಸಾರಿದ್ದರು. ಬಹುಮಾನ ಬಾಲ್ಮಾಗೆ ಹೋಯ್ತು. 1832ರಲ್ಲಿ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಬಂದು ಮುದುಕ ಬಾಲ್ಮಾನ ಬಾಯಲ್ಲಿ ಕಥೆ ಕೇಳಿ ಬರೆದರು. ಪಕಾರ್ ಅಷ್ಟರಲ್ಲಿ ತೀರಿಹೋಗಿದ್ದರು, ಉತ್ತರ ಕೊಡೋರು ಯಾರು? 1887ರಲ್ಲಿ ಪ್ರತಿಮೆ ನಿಂತಾಗ ಅದರಲ್ಲಿ ಇದ್ದವರು ಬಾಲ್ಮಾ ಮತ್ತು ಸೊಸ್ಯೂರ್. ಡಾಕ್ಟರಿಗೆ ಪ್ರತಿಮೆ ಸಿಕ್ಕಿದ್ದು 1986ರಲ್ಲಿ. ಹತ್ತಿದ ಮೇಲೆ ಇನ್ನೂರು ವರ್ಷ ಕಾಯಬೇಕಾಯ್ತು ಸ್ವಾಮಿ!

ನಮ್ಮ ಹಿಮಾಲಯದ್ದೂ ಇದೇ ಕಥೆ. 1922ರಲ್ಲಿ ಎವರೆಸ್ಟ್ ಮೇಲೆ ಹಿಮ ಕುಸಿದು ಸತ್ತ 7 ಜನ, ಬ್ರಿಟಿಷರ ಹೊರೆ ಹೊತ್ತ ಕೂಲಿಗಳು. 1953ರಲ್ಲಿ ಇಬ್ಬರೂ ಒಂದೇ ಹಗ್ಗದಲ್ಲಿ ತುದಿ ಮುಟ್ಟಿದರು. ಹಿಲರಿಗೆ ಸರ್ ಪದವಿ, ತೇನ್‌ಸಿಂಗ್‌ಗೆ ಜಾರ್ಜ್ ಮೆಡಲ್. ಹೊರೆ ಹೊತ್ತವನಿಗೆ ಯಾವಾಗಲೂ ಎರಡನೇ ಪಂಕ್ತಿ.

ದಾವಣಗೆರೆಯಲ್ಲಿ ಬೆಟ್ಟ ಎಲ್ಲಿದೆ ಅಂತೀರಾ? ಪಕ್ಕದಲ್ಲೇ ಚಿತ್ರದುರ್ಗ ಇದೆ. ಅಲ್ಲಿನ ಜ್ಯೋತಿರಾಜ್ ಅವರನ್ನ ನಾಡೆಲ್ಲ ಕೋತಿರಾಜ್ ಅಂತ ಕರೆಯುತ್ತೆ. ಬರಿಗೈಲಿ ಕೋಟೆ ಗೋಡೆ ಹತ್ತೋ ಮನುಷ್ಯ. ಜೋಗದ ಕಂದರಕ್ಕೆ ಇಳಿದವರು. ನಾವು ಚಪ್ಪಾಳೆ ಹೊಡೆದು, ಮೊಬೈಲ್‌ನಲ್ಲಿ ವಿಡಿಯೋ ಮಾಡ್ಕೊಂಡು ಮನೆಗೆ ಬರ್ತೀವಿ. ಅವರದೊಂದು ಚಿತ್ರ ನಮ್ಮ ಗೋಡೆ ಮೇಲೆ ಇದ್ದರೆ ಯಾರಿಗೇನು ನಷ್ಟ?

ಬೆಟ್ಟವೇ ಬೇಕು ಅಂತಲೂ ಇಲ್ಲ. ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರಲ್ಲ, ಆ ಹೆಸರು ತಂದುಕೊಟ್ಟ ಹತ್ತಿ ಗಿರಣಿ ಕಾರ್ಮಿಕರು ಎಲ್ಲಿದಾರೆ? ಅವರ ನಾಯಕ ಪಂಪಾಪತಿಯವರನ್ನ ಈ ಊರು ಮೂರು ಸಲ ಶಾಸಕರನ್ನಾಗಿ ಮಾಡಿತ್ತು. ಮಂಡಿಯಲ್ಲಿ ಮೂಟೆ ಹೊತ್ತ ಹಮಾಲರು, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಕಣ್ಣು ಕಳ್ಕೊಂಡವರು, ಅವರದೂ ಏರುದಾರಿಯೇ.

ಕೈ ಇಲ್ಲ ಅನ್ನೋಕೆ ಆಗಲ್ಲ, ಊರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. ದುಡ್ಡಿಲ್ಲ ಅನ್ನೋಕೂ ಆಗಲ್ಲ, 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಆದ ಊರು ಇದು. ಗೋಡೆ ಕೆಡಿಸೋರನ್ನ ಹಿಡಿಯೋಕೆ 1981ರ ಕಾಯ್ದೆಯೂ ಇದೆ.

ಪಾಲಿಕೆಯವರಿಗೆ ನನ್ನದು ಒಂದೇ ಕೇಳಿಕೆ. ಕೆ.ಬಿ. ಬಡಾವಣೆಯಲ್ಲಿ ಒಂದೇ ಒಂದು ಗೋಡೆ ಕೊಡಿ. ಮೊದಲು ಅಣ್ಣನ ಪೋಸ್ಟರ್ ಕೆರೆದು ತೆಗೆಸಿ, ಸುಣ್ಣ ಹೊಡೆಸಿ. ಯಾರನ್ನ ಬರೀಬೇಕು ಅಂತ ಆ ಬೀದಿಯ ಹಿರಿಯರನ್ನ ಕೇಳಿ. ಹೆಸರು ಹೇಳೋ ಜನ ಇನ್ನೂ ಬದುಕಿದಾರೆ.