ಗಗನದ ಬಾಗಿಲು, ನಮ್ಮ ಸಂಘದ ಬಾಗಿಲು
(ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿನ ಮಾತು ಬಿಟ್ಟು ಆಕಾಶದ ಮಾತಾಡಲು ನಿಂತಿದ್ದಾರೆಂದು ಯಾರೂ ನಗಬಾರದು. ಏಳನೆಯ ಇಯತ್ತೆ ಮುಗಿಸಿ ಈ ಮುಂಬಯಿಗೆ ಬಂದು ಕಪ್ಪು-ಬಸಿ ತೊಳೆದ ನಮಗೆ ಖಗೋಳಶಾಸ್ತ್ರ ತಿಳಿಯದು. ಆದರೆ ಅಲ್ಲಿಗೆ ಹೋಗುವವರು ಯಾರು, ಅವರನ್ನು ಕಳಿಸಲು ದುಡಿಯುವವರು ಯಾರು, ಬಾಗಿಲಲ್ಲೇ ನಿಲ್ಲಬೇಕಾದವರು ಯಾರು ಎಂಬುದು ನಮಗೂ ಅರ್ಥವಾಗುವ ಸಂಗತಿ. ಇಂದಿನ ಮೂರನೆಯ ಠರಾವಿಗೂ ಅದಕ್ಕೂ ಸಂಬಂಧವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಗಗನಕ್ಕೆ ಹೋದ ಮೊದಲನೆಯ ಹೆಂಗಸು ಗಿರಣಿಯ ಹುಡುಗಿ. ಪರೇಲು, ಲಾಲಬಾಗುಗಳ ಗಿರಣಿಗಳಲ್ಲಿ ದುಡಿದ ಹಿರಿಯರು ಇದನ್ನು ಅಭಿಮಾನದಿಂದ ಕೇಳಬೇಕು. ವ್ಯಾಲೆಂಟೀನಾ ತೆರೆಷ್ಕೋವಾ ರಷ್ಯದ ಯಾರೊಸ್ಲಾವ್ಲ್ ಪಟ್ಟಣದ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಟ್ರಾಕ್ಟರು ನಡೆಸುತ್ತಿದ್ದ ತಂದೆ ಯುದ್ಧದಲ್ಲಿ ತೀರಿಕೊಂಡರು. ತಾಯಿಯೂ ಗಿರಣಿಯವರೇ. ಮಗಳು ದುಡಿಯುತ್ತಲೇ ಅಂಚೆಯ ಮೂಲಕ ಪಾಠ ಕಲಿತರು. ಬಿಡುವಿನಲ್ಲಿ ಪ್ಯಾರಾಚೂಟು ಕಟ್ಟಿಕೊಂಡು ವಿಮಾನದಿಂದ ಧುಮುಕುವುದನ್ನೂ ಕಲಿತರು. ಅಂದಿನ ವೊಸ್ತೊಕ್ ನೌಕೆಯ ಯಾತ್ರಿ ಇಳಿಯುವಾಗ ನೌಕೆಯಿಂದ ಹೊರಕ್ಕೆ ಚಿಮ್ಮಿ ಪ್ಯಾರಾಚೂಟಿನಲ್ಲೇ ನೆಲ ಮುಟ್ಟಬೇಕಾಗಿತ್ತು. ಆದುದರಿಂದ ಆ ವಿದ್ಯೆ ಬಲ್ಲ ಹುಡುಗಿಯರನ್ನು ಹುಡುಕಿದರು. 1963ರ ಜೂನ್ 16ರಂದು ಮೇಲೇರಿದ ಆಕೆ ಸುಮಾರು ಮೂರು ದಿನಗಳಲ್ಲಿ ಭೂಮಿಯನ್ನು 48 ಸಲ ಸುತ್ತಿ ಬಂದರು.

ಅದೇ ಕಾಲದಲ್ಲಿ ಅಮೇರಿಕದಲ್ಲಿ ಏನಾಯಿತು? ಅಲ್ಲಿ ಜೆರಿ ಕಾಬ್ ಮೊದಲಾದ 13 ಜನ ವಿಮಾನ ಚಾಲಕಿಯರು ಗಗನಯಾತ್ರಿಗಳಿಗೆ ಮಾಡುತ್ತಿದ್ದ ವೈದ್ಯಕೀಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದರು. ಆದರೆ ನಾಸಾ ಸಂಸ್ಥೆಯ ಷರತ್ತೊಂದಿತ್ತು: ಜೆಟ್ ವಿಮಾನಗಳ ಪರೀಕ್ಷಾ ಚಾಲಕರಾಗಿರಬೇಕು. ಆ ಕೆಲಸ ಇದ್ದುದು ಸೈನ್ಯದಲ್ಲಿ. ಸೈನ್ಯ ಹೆಂಗಸರನ್ನು ಅದಕ್ಕೆ ಸೇರಿಸುತ್ತಿರಲಿಲ್ಲ. "ಹೆಂಗಸರಿಗೆ ಪ್ರವೇಶವಿಲ್ಲ" ಎಂದು ಎಲ್ಲಿಯೂ ಬರೆಯಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ.

1962ರ ಜುಲೈಯಲ್ಲಿ ಅವರ ಸಂಸತ್ತಿನ ಸಮಿತಿಯ ಮುಂದೆ ಈ ವಿಚಾರಣೆ ನಡೆಯಿತು. ಹೆಂಗಸರು ಈ ಕ್ಷೇತ್ರದಲ್ಲಿ ಇಲ್ಲದಿರುವುದು ನಮ್ಮ ಸಮಾಜದ ಕ್ರಮ ಎಂಬರ್ಥದ ಮಾತನ್ನು ಗಗನಯಾತ್ರಿ ಜಾನ್ ಗ್ಲೆನ್ ಅಲ್ಲಿ ಆಡಿದರು. ಇದೇ ಗ್ಲೆನ್ ಅದೇ ವರ್ಷದ ಫೆಬ್ರುವರಿಯಲ್ಲಿ ಭೂಮಿಯನ್ನು ಸುತ್ತಲು ಹೊರಟಾಗ ಯಂತ್ರ ಮಾಡಿದ ಲೆಕ್ಕವನ್ನು ಪೂರ್ತಿ ನಂಬದೆ, ಕ್ಯಾಥರೀನ್ ಜಾನ್ಸನ್ ಎಂಬ ಕರಿಯ ಹೆಣ್ಣುಮಗಳು ಕೈಯಿಂದ ತಾಳೆ ನೋಡಬೇಕೆಂದು ಕೇಳಿದ್ದರು. ಪ್ರಾಣವನ್ನು ಆಕೆಯ ಲೆಕ್ಕಕ್ಕೆ ಒಪ್ಪಿಸಬಹುದು. ಪಕ್ಕದ ಕುರ್ಚಿಯನ್ನು ಮಾತ್ರ ಕೊಡಲಾಗದು!

ಆಕೆ ದುಡಿದ ಲ್ಯಾಂಗ್ಲಿಯ ಕಚೇರಿಯಲ್ಲಿ, ಆಕೆ ಸೇರುವ ಮೊದಲು, ಊಟದ ಮನೆಯ ಒಂದು ಮೇಜಿನ ಮೇಲೆ ಕರಿಯ ಲೆಕ್ಕಿಗರಿಗೆಂದು ಫಲಕವಿಡುತ್ತಿದ್ದರು. ಮಿರಿಯಂ ಮ್ಯಾನ್ ಎಂಬ ಲೆಕ್ಕಿಗಳು ಅದನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡರು. ಮತ್ತೊಂದು ಬಂತು, ಅದನ್ನೂ ತೆಗೆದರು. ಕೊನೆಗೆ ಇಡುವವರೇ ಸೋತರು. ಮೇಜು ಒರೆಸಿ ಬಂದ ನಮಗೆ ಇದರ ಬೆಲೆ ಗೊತ್ತು.

ಚಂದ್ರನ ಮೇಲೆ 1969ರಲ್ಲಿ ಮೊದಲು ಕಾಲಿಟ್ಟವರು ಇಬ್ಬರು ಗಂಡಸರು. ಅವರ ದಿರಿಸನ್ನು ಪದರಪದರವಾಗಿ ಹೊಲಿದವರು ಹೊಲಿಗೆಯ ಹೆಂಗಸರು. ದಾರಿ ತೋರಿದ ಗಣಕಯಂತ್ರದ ನೆನಪನ್ನೂ ವಾಲ್ತಾಮಿನ ಕಾರ್ಖಾನೆಯಲ್ಲಿ ಹೆಂಗಸರು ಸೂಜಿಯಿಂದ ನೇಯ್ದರು. ಸಣ್ಣ ಉಂಗುರದೊಳಗೆ ತಂತಿ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ. ಒಂದು ಎಳೆ ತಪ್ಪಿದರೆ ಲೆಕ್ಕವೇ ತಪ್ಪು. ನೇಯ್ಗೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೆರೆಷ್ಕೋವಾ ಹೋಗಿ ಬಂದ ಮೇಲೆ ಬಾಗಿಲು ತೆರೆದೇ ಉಳಿಯಿತೇ? ಇಲ್ಲ. ರಷ್ಯದವರು 1969ರಲ್ಲಿ ಆ ಮಹಿಳಾ ತಂಡವನ್ನೇ ವಿಸರ್ಜಿಸಿದರು. ಎರಡನೆಯ ಹೆಂಗಸು ಸ್ವೆತ್ಲಾನಾ ಸವೀತ್ಸ್ಕಾಯಾ ಗಗನಕ್ಕೆ ಹೋದದ್ದು 1982ರಲ್ಲಿ, ಹತ್ತೊಂಬತ್ತು ವರ್ಷಗಳ ನಂತರ. ಒಬ್ಬರಿಗೆ ಹಾರ ಹಾಕಿ ಉಳಿದವರನ್ನು ಮರೆಯುವುದು ಸುಲಭ.

ನಮ್ಮ ದೇಶದ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಇಸ್ರೋ 2019ರಲ್ಲಿ ಹಾರಿಸಿದ ಚಂದ್ರಯಾನ-2ನ್ನು ಮುನ್ನಡೆಸಿದವರು ಎಂ. ವನಿತಾ ಮತ್ತು ರಿತು ಕರಿಧಾಲ್. ಸಂತೋಷವೇ. ಆದರೆ ಗಗನಯಾನಕ್ಕೆ ಆಯ್ಕೆಯಾದವರೆಂದು 2024ರ ಫೆಬ್ರುವರಿಯಲ್ಲಿ ಸಾರಿದ ನಾಲ್ಕು ಹೆಸರುಗಳೂ ಗಂಡಸರವು. ಎಲ್ಲರೂ ವಾಯುಪಡೆಯ ಪರೀಕ್ಷಾ ಚಾಲಕರು. ನಮ್ಮ ವಾಯುಪಡೆ ಯುದ್ಧವಿಮಾನಕ್ಕೆ ಹೆಂಗಸರನ್ನು ಸೇರಿಸಿಕೊಂಡದ್ದು 2016ರಲ್ಲಿ. ಆ ನಾಲ್ವರ ಯೋಗ್ಯತೆಯ ಬಗ್ಗೆ ನಮ್ಮ ತಕರಾರಿಲ್ಲ. ಷರತ್ತು ಮಾತ್ರ ಹಳೆಯ ಷರತ್ತೇ.

ಈಗ ನಮ್ಮ ಮನೆಯ ಮಾತು. ನಮ್ಮ ಸಂಘದ ನಿಯಮದಂತೆ, ಕೆಲಸದ ಜಾಗದ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು ಮಾತ್ರ ಸದಸ್ಯರು. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಹಿಂಬಾಗಿಲಿನಿಂದ ಬಂದು, ಈರುಳ್ಳಿ ಸುಲಿದು, ಕಾಯಿ ತುರಿದು, ಪಾತ್ರೆ ತಿಕ್ಕಿ, ದಿನಗೂಲಿ ಪಡೆದು ಹೋಗುವ ಹೆಂಗಸರ ಹೆಸರನ್ನು ಎಷ್ಟು ಮಾಲಕರು ಪುಸ್ತಕದಲ್ಲಿ ಬರೆದಿದ್ದಾರೆ?

ಹೋದ ಮಳೆಗಾಲದಲ್ಲಿ, ಹನ್ನೊಂದು ವರ್ಷ ಒಂದೇ ಕಡೆ ದುಡಿದ ಅಕ್ಕ ಒಬ್ಬರು ಕಾದ ಎಣ್ಣೆಯಿಂದ ಕೈ ಸುಟ್ಟುಕೊಂಡು ನಮ್ಮ ಸಹಾಯ ನಿಧಿಗೆ ಅರ್ಜಿ ಕೊಟ್ಟರು. ನಿಯಮ ಓದಿ ಹೇಳಿ ಅರ್ಜಿಯನ್ನು ಹಿಂದಕ್ಕೆ ಕೊಟ್ಟವರು ನಾವೇ. "ಹಾಗಾದರೆ ನಾನು ಇಷ್ಟು ವರ್ಷ ಕೆಲಸವೇ ಮಾಡಿಲ್ಲವೇನು ಅಣ್ಣಾ?" ಎಂದು ಆಕೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಮೂರನೆಯ ಠರಾವು ಇಷ್ಟೇ: ಹಾಜರಿ ಪುಸ್ತಕದ ಷರತ್ತು ಹೋಗಲಿ, ಜೊತೆಯಲ್ಲಿ ದುಡಿಯುವ ಇಬ್ಬರು ಸದಸ್ಯರ ಸಾಕ್ಷಿ ಸಾಕು. ನಿಧಿ ಬರಿದಾದೀತೆಂದು ಕೆಲವರು ಹೆದರುತ್ತಾರೆ. ಬರುವವರು ವಂತಿಗೆಯನ್ನೂ ತರುತ್ತಾರಲ್ಲವೇ? ರುಬ್ಬಿದ ಹಿಟ್ಟನ್ನು ಅವರ ಕೈಯಿಂದ ಪಡೆದು ದೋಸೆ ಹೊಯ್ದವರು ನಾವು. ಅವರು ದುಡಿದದ್ದಕ್ಕೆ ನಮಗಿಂತ ದೊಡ್ಡ ಸಾಕ್ಷಿ ಬೇರೆ ಯಾರಿದ್ದಾರೆ?

ಠರಾವು ಓದಿದಾಗ ಎಲ್ಲರೂ ಕೈ ಎತ್ತಬೇಕೆಂದು ಪ್ರಾರ್ಥಿಸಿ ಕುಳಿತುಕೊಳ್ಳುತ್ತೇವೆ.